ಸಮವಸ್ತ್ರದೊಳಗಿನ ಸಲಿಂಗಿಗಳು: ಕಾನೂನು ಏನು ಹೇಳುತ್ತದೆ?

(ಓದುಗರ ಪ್ರಶ್ನೆಗಳಿಗೆ ಸೇನಾ ಕಾನೂನು ತಜ್ಞರ ಉತ್ತರ)

ಪ್ರಶ್ನೆ: ಪದವಿಯ ಕೊನೆಯ ವರ್ಷದಲ್ಲಿದ್ದೇನೆ, ಸೇನಾಧಿಕಾರಿಯಾಗಲು ಸಿಡಿಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಾನು ಸಲಿಂಗಿ. ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಸೇನೆಯಲ್ಲೂ ಇದನ್ನು ಮುಚ್ಚಿಡಬೇಕಿಲ್ಲ ಎನ್ನುತ್ತಾರೆ ಗೆಳೆಯರು. ನಿಜವೇ?
– ಹೆಸರು ಬೇಡ, ಧಾರವಾಡ

ಉತ್ತರ: ಅರ್ಧ ನಿಜ. ಆ ಅರ್ಧವನ್ನೇ ನಂಬಿಕೊಂಡು ಹೋದರೆ ತೊಂದರೆಗೆ ಸಿಲುಕುತ್ತೀರಿ. ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲವೆಂದು ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ಹೇಳಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸಲಿಂಗ ಕೂಟವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮೇ ಇಲ್ಲ. ಆದರೆ ಸಮವಸ್ತ್ರ ತೊಟ್ಟವರಿಗೆ ಇನ್ನೊಂದು ಕಾನೂನಿದೆ, 1950ರ ಸೇನಾ ಕಾಯ್ದೆ. ಕ್ರೂರ, ಅಸಭ್ಯ ಅಥವಾ ಅಸ್ವಾಭಾವಿಕವಾದ ನಾಚಿಕೆಗೇಡಿನ ನಡತೆಗೆ ಏಳು ವರ್ಷದವರೆಗೆ ಜೈಲು ಎನ್ನುತ್ತದೆ ಅದರ 46ನೇ ಕಲಮು. ಹುದ್ದೆಗೆ ತಕ್ಕುದಲ್ಲದ ನಡತೆಯೆಂದು 45ರ ಅಡಿ ಅಧಿಕಾರಿಯನ್ನು ವಜಾ ಮಾಡಬಹುದು.

ಅಸ್ವಾಭಾವಿಕ ಯಾವುದು ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. ಅದನ್ನು ತೀರ್ಮಾನಿಸುವವರು ಕೋರ್ಟ್ ಮಾರ್ಷಲ್‌ನಲ್ಲಿ ಕೂತ ಅಧಿಕಾರಿಗಳು. ಮೇಲಿನವರ ಮನಸ್ಸು ಎತ್ತ ಇದೆಯೆಂದು 2019ರ ಜನವರಿಯಲ್ಲಿ ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಪತ್ರಿಕಾಗೋಷ್ಠಿಯಲ್ಲೇ ತಿಳಿಸಿದರು: ಸೇನೆ ಸಂಪ್ರದಾಯಸ್ಥ, ಇದಕ್ಕೆಲ್ಲ ಅವಕಾಶವಿಲ್ಲ. ಸೇನೆ ಬಿಟ್ಟುಬಂದ ಸಲಿಂಗಿ ಮೇಜರ್ ಒಬ್ಬರ ಬದುಕಿನಿಂದ ಪ್ರೇರಿತವಾದ ಚಿತ್ರಕಥೆಗೆ ರಕ್ಷಣಾ ಸಚಿವಾಲಯ 2022ರಲ್ಲಿ ಒಪ್ಪಿಗೆ ಕೊಡಲಿಲ್ಲ.

ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿರುವುದು ಹೌದು. ಆದರೆ ಅದು ಕರ್ತವ್ಯಕ್ಕೆ, ಶಿಸ್ತಿಗೆ ಬೇಕಾದಷ್ಟಕ್ಕೆ ಮಾತ್ರ. ಸೈನಿಕ ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಮನಬಂದಂತೆ ಹೇಳಿಕೆ ಕೊಡುವಂತಿಲ್ಲ. ಇವುಗಳ ಕಾರಣ ಯಾರಿಗೂ ಅರ್ಥವಾಗುತ್ತದೆ. ಒಬ್ಬ ಯಾರನ್ನು ಪ್ರೀತಿಸುತ್ತಾನೆ ಎಂಬುದರಿಂದ ಅವನ ಕರ್ತವ್ಯ ಹೇಗೆ ಕೆಡುತ್ತದೆಂದು ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ. 46ನೇ ಕಲಮನ್ನು ಸಂಸತ್ತು ತಿದ್ದಲೇಬೇಕು. ಬಲಾತ್ಕಾರ, ಕಿರುಕುಳ, ಕೈಕೆಳಗಿನವರ ಮೇಲೆ ಅಧಿಕಾರದ ದುರುಪಯೋಗ, ಇವಕ್ಕೆ ಶಿಕ್ಷೆಯಿರಲಿ. ಮಾಡಿದ್ದು ಗಂಡಸೋ ಹೆಂಗಸೋ, ಸಲಿಂಗಿಯೋ ಅಲ್ಲವೋ, ಎಲ್ಲರಿಗೂ ಒಂದೇ ಶಿಕ್ಷೆ.

ನೀವು ಪರೀಕ್ಷೆ ಬರೆಯಿರಿ. ಆದರೆ ಕಾಯ್ದೆ ಬದಲಾಗುವವರೆಗೆ ಬಹಿರಂಗವಾಗಿ ಹೇಳಿಕೊಳ್ಳುವುದು ಅಪಾಯ. ಇಪ್ಪತ್ತರ ಹುಡುಗನಿಗೆ ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ನನಗೆ ದುಃಖವಿದೆ.

ಪ್ರಶ್ನೆ: ಹಿಮದ ಪೋಸ್ಟಿನಲ್ಲಿ ಒಂದೇ ಬುಖಾರಿ ಒಲೆಯ ಸುತ್ತ ಮಗ್ಗುಲಿಗೆ ಮಗ್ಗುಲು ಮಲಗಿದವರು ನಾವು. ಅಲ್ಲಿ ಇಂಥವರಿದ್ದರೆ ಜವಾನರ ಒಗ್ಗಟ್ಟು ಉಳಿಯುತ್ತದೆಯೇ?
– ನಿವೃತ್ತ ಸುಬೇದಾರ್, ಬೆಳಗಾವಿ

ಉತ್ತರ: ಸುಬೇದಾರ್ ಸಾಹೇಬರೆ, ನಿಮ್ಮ ಪಕ್ಕದಲ್ಲಿ ಮಲಗಿದವರಲ್ಲಿ ಇಂಥವರು ಆಗಲೂ ಇದ್ದಿರಬಹುದು. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅಷ್ಟೇ.

ಬ್ರಿಟನ್ನಿನ ರಕ್ಷಣಾ ಇಲಾಖೆಯೂ 1996ರಲ್ಲಿ ನಿಮ್ಮ ಹಾಗೆಯೇ ಯೋಚಿಸಿ, ಸಲಿಂಗಿಗಳ ಮೇಲಿದ್ದ ನಿಷೇಧ ತೆಗೆದರೆ ಪಡೆಯ ಬಲ ಕುಗ್ಗುತ್ತದೆಂದು ವರದಿ ಬರೆಯಿತು. 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು, 2000ದ ಜನವರಿಯಲ್ಲಿ ನಿಷೇಧ ಹೋಯಿತು. ಜತೆಗೇ ಎಲ್ಲರಿಗೂ ಅನ್ವಯಿಸುವ ಒಂದೇ ನಡತೆಯ ಸಂಹಿತೆ ಬಂತು. ಅದೇ ವರ್ಷ ಇಲಾಖೆ ತಾನೇ ಪರಿಶೀಲಿಸಿದಾಗ, ಹೆದರಿದ್ದ ಯಾವುದೂ ಆಗಿರಲಿಲ್ಲ. ಅಮೆರಿಕ 1993ರಿಂದ 2011ರವರೆಗೆ ಸಲಿಂಗಿಗಳು ಬಾಯಿಬಿಡದಿದ್ದರೆ ಮಾತ್ರ ಸೇನೆಯಲ್ಲಿರಬಹುದೆಂಬ ‘ಕೇಳಬೇಡ, ಹೇಳಬೇಡ’ ನೀತಿಯಡಿ ಹದಿಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹೊರಹಾಕಿತು. ಇರಾಕ್ ಯುದ್ಧದ ಹೊತ್ತಿನಲ್ಲಿ ಅರೇಬಿಕ್ ಬಲ್ಲವರನ್ನೂ ಕಳೆದುಕೊಂಡಿತು.

ಬ್ರಿಟಿಷ್ ನೌಕಾಪಡೆಯಲ್ಲಿ ಜೋ ಔಸಲೀಸ್ ಎಂಬ ರೇಡಿಯೊ ಆಪರೇಟರ್ ಇದ್ದರು. ಫಾಕ್‌ಲ್ಯಾಂಡ್ಸ್ ಯುದ್ಧ ಕಂಡವರು. ದ್ವಿಲಿಂಗಾಸಕ್ತರೆಂಬ ಕಾರಣಕ್ಕೆ 1993ರಲ್ಲಿ ಅವರನ್ನು ಹೊರಹಾಕಿದಾಗ, ದೀರ್ಘ ಸೇವೆ ಮತ್ತು ಸನ್ನಡತೆಗಾಗಿ ಕೊಟ್ಟಿದ್ದ ಪದಕವನ್ನು ಅವರ ಕೋಟಿನಿಂದ ಕತ್ತರಿಯಲ್ಲಿ ಕತ್ತರಿಸಿ ತೆಗೆದರು. ಅದು ವಾಪಸ್ ಸಿಕ್ಕಿದ್ದು 2020ರಲ್ಲಿ. ಸನ್ನಡತೆಯ ಪದಕದ ಬೆಲೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ.

ನಮ್ಮಲ್ಲೂ ಒಂದು ಪಾಠವಿದೆ. ಹಳ್ಳಿಗಾಡಿನ ಜವಾನರು ಹೆಣ್ಣು ಅಧಿಕಾರಿಯ ಆಜ್ಞೆ ಒಪ್ಪಲು ಇನ್ನೂ ಸಿದ್ಧರಿಲ್ಲವೆಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತ್ತು. 2020ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನಮ್ಮ ಜವಾನರ ಬಗ್ಗೆ ಸರ್ಕಾರಕ್ಕಿಂತ ಹೆಚ್ಚಿನ ನಂಬಿಕೆ ನನಗಿದೆ.

ಪ್ರಶ್ನೆ: ಮಗ ಸೇನೆಯಲ್ಲಿ ನಾಯಕ್. ರಜೆಗೆ ಬಂದಾಗ ತಾನು ಸಲಿಂಗಿಯೆಂದು ನನಗೊಬ್ಬಳಿಗೇ ಹೇಳಿದ. ಮದುವೆ ಮಾಡಿದರೆ ಸರಿಹೋಗುತ್ತಾನೆಯೇ? ಡಾಕ್ಟರಿಗೆ ತೋರಿಸಲೇ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಎರಡೂ ಬೇಡ ಅಮ್ಮಾ. ಇದು ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಮದುವೆ ಮಾಡಿಸಿದರೆ ಏನೂ ತಿಳಿಯದ ಒಬ್ಬ ಹುಡುಗಿಯ ಬಾಳೂ ಹಾಳಾಗುತ್ತದೆ. ನಿಮ್ಮನ್ನು ನಂಬಿ ಹೇಳಿದ್ದಾನೆ, ಅವನು ಒಪ್ಪದೆ ಮನೆಯವರಿಗೂ ತಿಳಿಸಬೇಡಿ. ಪಲ್ಟನ್ನಿನಲ್ಲಿ ಯಾರಾದರೂ ದೂರು ಕೊಟ್ಟರೆ, ಹೆದರಿ ತಪ್ಪೊಪ್ಪಿಗೆ ಬರೆದುಕೊಡಬಾರದೆಂದು ಅವನಿಗೆ ಹೇಳಿ. ಒಬ್ಬನ ನಡತೆಗೆ ಕಳಂಕ ತರುವ ವಿಚಾರಣೆಯಲ್ಲಿ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕನ್ನು ಸೇನಾ ನಿಯಮ 180 ಅವನಿಗೆ ಕೊಡುತ್ತದೆ. ಕೋರ್ಟ್ ಮಾರ್ಷಲ್ ಆದರೆ ವಕೀಲರನ್ನು ಇಟ್ಟುಕೊಳ್ಳಬಹುದು, ತೀರ್ಪು ವಿರುದ್ಧ ಬಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು.