ಸಣ್ಣಕಥೆ ಬರೆಯುವವರಿಗೆ ಕೆಲವು ಮಾತುಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಾವು ಬರೆದ ಕಥೆಗಳನ್ನು ನನಗೆ ಕಳುಹಿಸಿ, ಇವುಗಳನ್ನು ಉತ್ತಮಪಡಿಸುವ ಬಗೆ ಯಾವುದೆಂದು ಕೇಳುವುದುಂಟು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲಾರದೆ, ನನಗೆ ತೋರಿದಷ್ಟನ್ನು ಇಲ್ಲಿ ಅರಿಕೆಮಾಡುವೆನು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಅನೇಕ ವರ್ಷಗಳ ಹಿಂದೆ ಹುಡುಗಿಯೊಬ್ಬಳು ತನ್ನ ಅಜ್ಜಿಯ ವಿಷಯವಾಗಿ ಕಥೆಯೊಂದನ್ನು ಬರೆದು ತಂದಳು. ಮನೆಯವರೆಲ್ಲರೂ ಮಲಗಿದ ಮೇಲೆ ಆ ಮುದುಕಿಯು ತೀರಿಹೋದ ಮಗನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು, ಹರಿಯದಿದ್ದ ಕಡೆಯಲ್ಲಿಯೂ ಹೊಲಿಗೆ ಹಾಕುತ್ತಿದ್ದಳೆಂದು ಅದರಲ್ಲಿತ್ತು. ಕಥೆ ಅಷ್ಟಕ್ಕೇ ನಿಂತಿತ್ತು. ನಾನು ಕೆಂಪು ಶಾಯಿಯಲ್ಲಿ, “ನೀತಿ ಸ್ಪಷ್ಟವಾಗಿಲ್ಲ” ಎಂದು ಬರೆದೆನು. ವಿಧೇಯಳಾದ ಆ ಹುಡುಗಿಯು ಮಾತೃಪ್ರೇಮವು ಅಪಾರವೆಂದು ಅರ್ಧ ಪುಟ ಸೇರಿಸಿ ತಂದಳು. ಕಥೆ ಉದ್ದವಾಯಿತೆಂದು ಹೊಲಿಗೆಯ ಮಾತನ್ನು ತೆಗೆದುಬಿಟ್ಟಿದ್ದಳು. ನಾನಾದರೋ ಹೆಚ್ಚು ಮಾರ್ಕು ಕೊಟ್ಟೆನು! ಆಮೇಲೆ ಅವಳು ಇನ್ನೊಂದು ಕಥೆ ಬರೆದುದನ್ನು ನಾನು ಕಾಣಲಿಲ್ಲ. ಮೊದಲನೆಯ ಪ್ರತಿಯೇ ಕಥೆಯಾಗಿತ್ತೆಂದು ನನಗೆ ತಿಳಿದುಬಂದುದು ಬಹಳ ತಡವಾಗಿ.

ದುಃಖವೆಂಬ ಶಬ್ದವನ್ನು ಬರೆದ ಮಾತ್ರಕ್ಕೆ ಓದುವವರಿಗೆ ದುಃಖವಾಗದು. ಅಂಗಿಯೂ ಸೂಜಿಯೂ ಕಣ್ಣಿಗೆ ಕಾಣಬೇಕು.

ಎರಡನೆಯದು, ಕಥೆಯನ್ನು ಹೇಳುವವರು ಯಾರೆಂಬುದು. ಇದನ್ನು ಕಲಿಯಲು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಓದಬೇಕು. ಅವರ ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಪ್ರಕಟವಾಯಿತು. ರಂಗನ ಮದುವೆಯ ಕಥೆಯಲ್ಲಿ ಅವರು ನೇರವಾಗಿ ಮದುವೆಗೆ ಬರುವುದಿಲ್ಲ. ಹೊಸಹಳ್ಳಿಯವನೊಬ್ಬನ ಬಾಯಿಂದ ಆ ಊರಿನ ಮಾವಿನಕಾಯಿಯ ಹುಳಿಯನ್ನು ಮೊದಲು ಹೇಳಿಸುವರು. ಇದು ಅಪ್ರಕೃತವೆಂದು ಕೆಲವರಿಗೆ ತೋರಬಹುದು. ಆದರೆ ಆ ಹುಳಿಯ ವರ್ಣನೆಯಲ್ಲಿಯೇ ಹೇಳುವವನ ಸ್ವಭಾವವು ನಮಗೆ ತಿಳಿದುಹೋಗುವುದು. ಆದುದರಿಂದಲೇ ಮುಂದೆ ಅವನು ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ರಂಗನನ್ನು ಬಲೆಗೆ ಕೆಡವಿದಾಗ ನಮಗೆ ಕೋಪ ಬಾರದೆ ನಗು ಬರುವುದು. ನೀವು ಬರೆದ ಕಥೆಯೊಂದನ್ನು ಮನೆಯ ಕೆಲಸದವಳ ಬಾಯಿಂದ ಮತ್ತೆ ಹೇಳಿಸಿ ನೋಡಿರಿ. ಎಷ್ಟೋ ಸಂಗತಿಗಳು ಬೇರೆಯಾಗಿ ಕಾಣುವುವು.

ಮನೆವಾರ್ತೆಯ ನಡುವೆ ಬರೆಯಲು ಸಮಯವೆಲ್ಲಿ ಎಂದು ತಾಯಂದಿರು ಹೇಳುವರು. ಮಾತು ನಿಜವೇ. ಆದರೂ ಕೊಡಗಿನ ಗೌರಮ್ಮನವರನ್ನು ನೆನೆಯಬೇಕು. 1912ರಲ್ಲಿ ಹುಟ್ಟಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಆ ಗೃಹಿಣಿಯ ಆಯುಷ್ಯ ಇಪ್ಪತ್ತೇಳೇ ವರ್ಷ. ವಿಧವೆಯರ, ಮನೆಯೊಳಗಿನ ಹೆಂಗಸರ ಬಾಳನ್ನು ಕುರಿತು ಅವರು ಬರೆದ ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಸಂಗ್ರಹಗಳಲ್ಲಿ ಉಳಿದಿವೆ. ದೂರದ ಅರಮನೆಗಳ ಗೊಡವೆಗೆ ಅವರು ಹೋಗಲಿಲ್ಲ; ನಮ್ಮ ಹುಡುಗಿಯರ ಕಥೆಗಳಲ್ಲಿ ಈಗಲೂ ರಾಜಕುಮಾರಿಯರು ಸ್ವಲ್ಪ ಹೆಚ್ಚೇ.

ಸಂಭಾಷಣೆಯನ್ನು ಗಟ್ಟಿಯಾಗಿ ಓದಿಕೊಳ್ಳಿರಿ. ಮಂಗಳೂರಿನ ಅಜ್ಜಿಯೂ ಧಾರವಾಡದ ಅಜ್ಜಿಯೂ ಒಂದೇ ಬಗೆಯಾಗಿ ಮಾತಾಡಿದರೆ ಎಲ್ಲಿಯೋ ತಪ್ಪಿದೆ.

ಮುಂದೆ ನನಗೆ ಕಥೆ ಕಳುಹಿಸುವವರು, ತಿದ್ದಿ ಬರೆದ ಪ್ರತಿಯೊಡನೆ ಮೊದಲು ಬರೆದುದನ್ನೂ ಇಟ್ಟು ಕಳುಹಿಸಬೇಕೆಂದು ಕೋರುವೆನು.