ಬೆಸೆದ ಗಾಜಿನ ಕಲೆ: ಕಾಯಿಸುವುದೂ ತಣಿಸುವುದೂ

ಬಣ್ಣದ ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಕುಲುಮೆಯಲ್ಲಿ ಕಾಯಿಸಿ, ಒಂದೇ ವಸ್ತುವಾಗುವಂತೆ ಬೆಸೆಯುವ ಕಲೆ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 15ನೆಯ ಶತಮಾನದ ಸುಮಾರಿಗೆ ಮೆಸೊಪೊಟೇಮಿಯದಲ್ಲಿ ಇಂತಹ ಪಾತ್ರೆಗಳು ತಯಾರಾಗುತ್ತಿದ್ದವು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಗಾಜನ್ನು ಊದುವ ವಿಧಾನ ಬಳಕೆಗೆ ಬಂದ ಮೇಲೆ ಈ ಕಲೆ ಹಿಂದೆ ಸರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಮರುಜೀವ ನೀಡಿದವರಲ್ಲಿ, 1948ರಿಂದ ಷಿಕಾಗೋದಲ್ಲಿ ಕೆಲಸ ಮಾಡಿದ ಫ್ರಾನ್ಸಿಸ್ ಮತ್ತು ಮೈಕೆಲ್ ಹಿಗ್ಗಿನ್ಸ್ ದಂಪತಿಗಳು ಪ್ರಮುಖರು.

ನಮ್ಮ ಫಿರೋಜಾಬಾದಿನ ಬಳೆ ತಯಾರಿಕೆಯಲ್ಲಿ ಗಾಜನ್ನು ಪೂರ್ಣವಾಗಿ ಕರಗಿಸಿ ಎಳೆಯಲಾಗುತ್ತದೆ. ಬೆಸೆಯುವ ಕಲೆಯಲ್ಲಾದರೋ ತಣ್ಣಗಿರುವ ಗಾಜನ್ನೇ ಕತ್ತರಿಸಿ ಜೋಡಿಸಿ, ಅನಂತರ ಕಾಯಿಸಬೇಕು. ಕೆಲಸ ಸರಳವೆಂದು ತೋರಿದರೂ, ಸೊಗಸಾಗಿ ಬೆಸೆದ ತಟ್ಟೆಯೊಂದು ಕೆಲವು ದಿನಗಳ ಅಥವಾ ತಿಂಗಳುಗಳ ಬಳಿಕ ತಾನಾಗಿಯೇ ಸೀಳಬಹುದು. ಆಗ ತಯಾರಕನ ಶ್ರಮ ವ್ಯರ್ಥವಾಗುವುದಲ್ಲದೆ, ಕೊಂಡವರ ಕೈಗೆ ಗಾಯವೂ ಆದೀತು. ಗಾಜಿನ ಒಳಗೆ ಉಳಿದ ಬಿಗಿತವೇ ಇದಕ್ಕೆ ಕಾರಣ.

ಗಾಜಿನ ಆಯ್ಕೆ

ಕಾದ ಗಾಜು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಎಲ್ಲ ಗಾಜುಗಳೂ ಸಮನಾಗಿ ಕುಗ್ಗುವುದಿಲ್ಲ. ಈ ಗುಣವನ್ನು ವ್ಯಾಕೋಚನ ಗುಣಾಂಕದಿಂದ ಸೂಚಿಸಲಾಗುತ್ತದೆ. ಬೆಸುಗೆಯ ಗಾಜಿನಲ್ಲಿ 90 ಮತ್ತು 96 ಎಂಬ ಎರಡು ವರ್ಗಗಳು ಹೆಚ್ಚು ಪ್ರಚಲಿತವಾಗಿವೆ, ಇವೆರಡನ್ನೂ ಬೆರೆಸಕೂಡದು. ಸಾಮಾನ್ಯ ಕಿಟಕಿ ಗಾಜನ್ನೂ ಇವುಗಳೊಡನೆ ಸೇರಿಸಬಾರದು. ಅಂಕಿ ಒಂದೇ ಆದ ಮಾತ್ರಕ್ಕೆ ಗಾಜುಗಳು ಹೊಂದುವುವೆಂದು ಭಾವಿಸಲಾಗದು; ಪರೀಕ್ಷಿಸಿ ನೋಡುವುದು ಅಗತ್ಯ.

ಬೆಸೆಯುವ ಕ್ರಮ

1. ಗಾಜನ್ನು ಕಟರಿನಿಂದ ಗೀರಿ ಮುರಿದು, ತುಂಡುಗಳನ್ನು ಜಿಡ್ಡಿಲ್ಲದಂತೆ ತೊಳೆದು ಒರೆಸಬೇಕು.

2. ಕುಲುಮೆಯ ಹಲಗೆಗೆ ಅಲ್ಯೂಮಿನ ಹೈಡ್ರೇಟ್ ಮತ್ತು ಕೇಯೊಲಿನ್ ಜೇಡಿಯ ಲೇಪವನ್ನು ಹಚ್ಚಿ ಒಣಗಿಸಬೇಕು. ಲೇಪವಿಲ್ಲದಿದ್ದರೆ ಗಾಜು ಹಲಗೆಗೆ ಅಂಟಿಕೊಳ್ಳುತ್ತದೆ.

3. 3 ಮಿ.ಮೀ. ದಪ್ಪದ ಎರಡು ಪದರಗಳನ್ನು ಜೋಡಿಸುವುದು ವಾಡಿಕೆ. ಪೂರ್ಣವಾಗಿ ಮೆದುವಾದ ಗಾಜು ಸುಮಾರು 6 ಮಿ.ಮೀ. ದಪ್ಪಕ್ಕೆ ನೆಲೆಗೊಳ್ಳುತ್ತದೆ. ಒಂದೇ ಪದರವಾದರೆ ಅಂಚು ಒಳಸರಿಯುತ್ತದೆ. ಪದರಗಳು ಹೆಚ್ಚಾದರೆ ಹೊರಕ್ಕೆ ಹರಡುತ್ತದೆ.

4. ಮೊದಲು ನಿಧಾನವಾಗಿ ಕಾಯಿಸಬೇಕು. ಸುಮಾರು 740 ಡಿಗ್ರಿ ಸೆಲ್ಸಿಯಸಿನಲ್ಲಿ ತುಂಡುಗಳು ತಮ್ಮ ಆಕಾರ ಉಳಿಸಿಕೊಂಡು ಅಂಟುತ್ತವೆ. ಸುಮಾರು 800 ಡಿಗ್ರಿಯಲ್ಲಿ ಪೂರ್ಣ ಬೆಸೆದು ಸಮತಟ್ಟಾಗುತ್ತವೆ.

ತಣಿಸುವ ಕ್ರಮ

ಬಿಸಿ ಗಾಜಿನ ಹೊರಮೈ ಬೇಗ ತಣಿಯುತ್ತದೆ, ಒಳಭಾಗ ತಡವಾಗಿ ತಣಿಯುತ್ತದೆ. ಈ ಅಂತರದಿಂದ ಬಿಗಿತ ಹುಟ್ಟುತ್ತದೆ. ಅದನ್ನು ನಿವಾರಿಸಲು 90ರ ವರ್ಗದ ಗಾಜನ್ನು ಸುಮಾರು 482 ಡಿಗ್ರಿಯಲ್ಲಿ ತಡೆದು ನಿಲ್ಲಿಸಲಾಗುತ್ತದೆ. 6 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ಗಂಟೆ, 12 ಮಿ.ಮೀ.ಗೆ ಸುಮಾರು ಎರಡು ಗಂಟೆ ಬೇಕು. 6 ಮಿ.ಮೀ. ಗಾಜನ್ನು ಅಲ್ಲಿಂದ 370 ಡಿಗ್ರಿಯವರೆಗೆ ಗಂಟೆಗೆ ಸುಮಾರು 80 ಡಿಗ್ರಿಯಂತೆ ಇಳಿಸಬೇಕು. ದಪ್ಪ ಹೆಚ್ಚಿದಷ್ಟೂ ಇನ್ನೂ ನಿಧಾನವಾಗಿ ಇಳಿಸಬೇಕು. ಕುಲುಮೆ ಪೂರ್ತಿ ತಣಿಯುವವರೆಗೆ ಬಾಗಿಲು ತೆರೆಯಕೂಡದು.

ಪರೀಕ್ಷೆ ಮತ್ತು ಎಚ್ಚರಿಕೆ

ಒಳಗಿನ ಬಿಗಿತ ಬರಿಗಣ್ಣಿಗೆ ಕಾಣದು. ಎರಡು ಪೋಲರಾಯ್ಡ್ ಹಾಳೆಗಳನ್ನು ಪರಸ್ಪರ ಅಡ್ಡವಾಗಿಟ್ಟು, ನಡುವೆ ಗಾಜನ್ನು ಹಿಡಿದು, ಬೆಳಕಿಗೆ ಎದುರಾಗಿ ನೋಡಬೇಕು. ಬೆಸುಗೆಯ ಅಂಚಿನಲ್ಲಿ ಬೆಳಕಿನ ಪ್ರಭೆ ಕಂಡರೆ ಬಿಗಿತವಿದೆಯೆಂದು ತಿಳಿಯತಕ್ಕದ್ದು. ಅಂತಹ ವಸ್ತುವನ್ನು ಮಾರಾಟಕ್ಕಿಡಬಾರದು.

ಗಾಜನ್ನು ಮುರಿಯುವಾಗ ಕನ್ನಡಕ, ಪುಡಿ ಮತ್ತು ಒಣ ಲೇಪವನ್ನು ಬಳಸುವಾಗ ಧೂಳು ತಡೆಯುವ ಮುಖವಾಡ ಧರಿಸಬೇಕು. ಗಾಜನ್ನು ಉಜ್ಜುವಾಗ ನೀರು ಹರಿಸುತ್ತಿರಬೇಕು. ಹೊಸಬರು ಮೊದಲು ಚಿಕ್ಕ ಬಿಲ್ಲೆಗಳನ್ನು ಬೆಸೆದು ಪರೀಕ್ಷಿಸಿ, ಪ್ರತಿ ಬಾರಿಯ ಉಷ್ಣತೆ ಮತ್ತು ಕಾಲವನ್ನು ಬರೆದಿಟ್ಟುಕೊಂಡಲ್ಲಿ, ದೊಡ್ಡ ಕೆಲಸಕ್ಕೆ ತೊಡಗಿದಾಗ ನಷ್ಟ ತಪ್ಪುವುದು.