ಒಂದೇ ಬರಹವು ಹಲವು ಯಂತ್ರಗಳಿಗೆ ಒಪ್ಪುವ ಕ್ರಮ

ನಮ್ಮಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಕೆಲವರು ಈಗ ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವ ಉದ್ಯೋಗದಲ್ಲಿದ್ದಾರೆ. ಆ ವಿದ್ಯೆಯ ಒಂದು ಪಾಠವನ್ನು ಪಾಲಕರಿಗೂ ತಿಳಿಯುವಂತೆ ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಗಣಕದಲ್ಲಿ ಲೆಕ್ಕ ನಡೆಸುವ ಅಂಗಕ್ಕೆ ಪ್ರೊಸೆಸರ್ ಎಂದು ಹೆಸರು. ಇವುಗಳಲ್ಲಿ ಮನೆತನಗಳು ಹಲವು. ಮೇಜಿನ ಗಣಕದಲ್ಲಿ ಬಹುಶಃ ಇಂಟೆಲ್ ಮನೆತನದ್ದಿರುವದು. ಕೈಫೋನಿನಲ್ಲಿ ಆರ್ಮ್ ಮನೆತನದ್ದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಆದಕಾರಣ ನಾವು ಸಿ ಭಾಷೆಯಲ್ಲಿ ಬರೆದುದನ್ನು ಕಂಪೈಲರ್ ಎಂಬ ಅನುವಾದಕವು ಆಯಾ ಪ್ರೊಸೆಸರಿನ ಭಾಷೆಗೆ ತಿರುಗಿಸುವದು. ಬರಹದ ಬಹುಭಾಗವು ಎಲ್ಲಕ್ಕೂ ಒಂದೇ. ಕೆಲವು ಸಾಲುಗಳು ಮಾತ್ರ ಯಂತ್ರಕ್ಕೆ ತಕ್ಕಂತೆ ಬೇರೆಯಾಗಬೇಕು. ಯಾವ ಸಾಲನ್ನು ಆರಿಸತಕ್ಕದ್ದೆಂದು ತಿಳಿಯಲು ಕಂಪೈಲರು ತಾನಾಗಿಯೇ ಒಂದು ಗುರುತಿನ ಹೆಸರನ್ನು ಕೊಡುವದು. ಅದೇ ಮ್ಯಾಕ್ರೋ.

ಈ ಗುರುತು ಅನುವಾದ ನಡೆಯುವ ಯಂತ್ರದ್ದಲ್ಲ. ಪ್ರೋಗ್ರಾಮು ಓಡಬೇಕಾದ ಯಂತ್ರದ್ದು. ವಿಜಯಪುರದ ಒಂದೇ ಒಲೆಯ ಮೇಲೆ ಎರಡು ಬುತ್ತಿಗಳು ಸಿದ್ಧವಾಗುವವೆಂದು ಎಣಿಸಿರಿ: ಟಿಕೋಟಾದ ಹೊಲದಲ್ಲಿ ದುಡಿಯುವವನಿಗೆ ಜೋಳದ ರೊಟ್ಟಿ, ಬಬಲೇಶ್ವರದಲ್ಲಿ ಜ್ವರದಿಂದ ಮಲಗಿದವಳಿಗೆ ಗಂಜಿ. ಬುತ್ತಿ ಕಟ್ಟುವವಳು ಉಣ್ಣುವವರನ್ನು ನೆನೆಯಬೇಕೇ ಹೊರತು ತನ್ನ ಹಸಿವನ್ನಲ್ಲ.

ನಮ್ಮ ನಾಡಿನ ಸಿಂಪ್ಯೂಟರು ಇದಕ್ಕೆ ನಿದರ್ಶನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಕೂಡಿ ರೂಪಿಸಿದ ಈ ಕೈಗಣಕವು 2004 ರಲ್ಲಿ ಅಮಿಡಾ ಎಂಬ ಹೆಸರಿನಿಂದಲೂ ಮಾರಾಟಕ್ಕೆ ಬಂದಿತು. ಅದರೊಳಗೆ 32 ಬಿಟ್ಟಿನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇತ್ತು. ಇಂಥ ಕಿರುಯಂತ್ರದ ಪ್ರೋಗ್ರಾಮನ್ನು ಮೇಜಿನ ಇಂಟೆಲ್ ಗಣಕದಲ್ಲಿ ಅನುವಾದಿಸುವದು ವಾಡಿಕೆ. ಆದರೂ ಜಿಸಿಸಿ ಎಂಬ ಕಂಪೈಲರು ಆಗ ಕೊಡುವ ಗುರುತು 'ಆರ್ಮ್', ಹಿಂದೆ ಮುಂದೆ ಎರಡೆರಡು ಅಡಿಗೆರೆಗಳೊಡನೆ.

ಇಂದಿನ ಹೆಚ್ಚಿನ ಕೈಫೋನುಗಳಲ್ಲಿರುವದು 64 ಬಿಟ್ಟಿನ ಆರ್ಮ್. ಮನೆತನ ಅದೇ ಆದರೂ ಜಿಸಿಸಿಯು ಅದಕ್ಕೆ 'ಆರ್ಮ್' ಎನ್ನದೆ 'ಎಆರ್ಚ್ 64' ಎನ್ನುವದು. ಆರ್ಮ್ ಅಲ್ಲದ್ದೆಲ್ಲ ಇಂಟೆಲ್ ಎಂದು ಬರೆದಿಟ್ಟ ಹಳೆಯ ಪ್ರೋಗ್ರಾಮು ಈ ಫೋನನ್ನು ಇಂಟೆಲ್ ಎಂದೇ ಬಗೆಯುವದು. ಅಲ್ಲಿ ಇಂಟೆಲ್ಲಿನ ಸ್ವಂತ ಭಾಷೆಯ ಸಾಲುಗಳಿದ್ದರೆ ಅನುವಾದವೇ ನಿಲ್ಲುವದು, ಅದು ಲೇಸು. ಅಂಕಿಗಳ ಅಳತೆಯ ಊಹೆ ಮಾತ್ರ ಇದ್ದರೆ ಪ್ರೋಗ್ರಾಮು ಓಡಿ, ಸದ್ದಿಲ್ಲದೆ ತಪ್ಪು ಲೆಕ್ಕ ಕೊಡಬಹುದು. ಔಷಧದ ಪ್ರಮಾಣವನ್ನೋ ಬ್ಯಾಂಕಿನ ಶಿಲ್ಕನ್ನೋ ಎಣಿಸುವ ಪ್ರೋಗ್ರಾಮಿನಲ್ಲಿ ಇದು ಎಂಥ ಹಾನಿ!

ಆದ್ದರಿಂದ ಮೂರು ನಿಯಮಗಳನ್ನು ಪಾಲಿಸತಕ್ಕದ್ದು.

ಒಂದು: ಈ ಹೆಸರುಗಳು ಸಿ ಭಾಷೆಯ ನಿಯಮಗ್ರಂಥದಲ್ಲಿಲ್ಲ, ಕಂಪೈಲರಿನಿಂದ ಕಂಪೈಲರಿಗೆ ಬೇರೆಯಾಗುವವು. 64 ಬಿಟ್ಟಿನ ಇಂಟೆಲ್ಲಿಗೆ ಜಿಸಿಸಿಯು 'ಎಕ್ಸ್ 86 64' ಎಂದರೆ ಮೈಕ್ರೋಸಾಫ್ಟಿನದು 'ಎಮ್ ಎಕ್ಸ್ 64' ಎನ್ನುವದು. ಎರಡನ್ನೂ ವಿಚಾರಿಸಬೇಕು.

ಎರಡು: ಹೆಸರಿಗಿಂತ ಗುಣವನ್ನು ಕೇಳುವದು ಮೇಲು. ಕೆಲವು ಯಂತ್ರಗಳು ಅಂಕಿಯ ಬೈಟುಗಳನ್ನು ಕಿರಿಯ ತುದಿಯಿಂದಲೂ ಕೆಲವು ಹಿರಿಯ ತುದಿಯಿಂದಲೂ ಜೋಡಿಸುವವು. ನಾಲ್ಕು ಬೈಟುಗಳ 1 ಎಂಬ ಅಂಕಿಯನ್ನು ತಿರುವುಮುರುವಾಗಿ ಓದಿದರೆ 1,67,77,216 ಆಗುವದು! ಈ ಜೋಡಣೆಯನ್ನು ತಿಳಿಸಲು ಜಿಸಿಸಿಯಲ್ಲಿ ಪ್ರತ್ಯೇಕ ಮ್ಯಾಕ್ರೋ ಉಂಟು.

ಮೂರು: ಯಾವ ಗುರುತೂ ಹೊಂದದಿದ್ದರೆ ಎಲ್ಲ ಯಂತ್ರಗಳಿಗೂ ಒಪ್ಪುವ ಸಾದಾ ಸಾಲುಗಳನ್ನು ಬಳಸಬೇಕು, ಅವಿಲ್ಲದಿದ್ದರೆ 'ಎರರ್' ಎಂಬ ಆಜ್ಞೆಯಿಂದ ಅನುವಾದವನ್ನು ನಿಲ್ಲಿಸಬೇಕು. ಹೊಸ ಮನೆತನಗಳು ಹುಟ್ಟುತ್ತಲೇ ಇರುವವು. 2010 ರಲ್ಲಿ ಅಮೇರಿಕೆಯ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಮನೆತನದಲ್ಲಿಯೇ ಮದ್ರಾಸಿನ ಐಐಟಿಯವರು 'ಶಕ್ತಿ' ಪ್ರೊಸೆಸರುಗಳನ್ನು ರಚಿಸಿರುವರು.

ಗುರುತು ಸಿಗದವರನ್ನು ಗುರುತಿನವರೆಂದು ಎಣಿಸದೆ, ನಿಂತು ಕೇಳುವದೇ ಈ ಪಾಠದ ಸಾರ. ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಪ್ರೋಗ್ರಾಮಿನ ಕಡೆಯ 'ಇಲ್ಲದಿದ್ದರೆ' ಎಂಬ ಸಾಲಿನಲ್ಲಿ ಏನು ಬರೆದಿರುವಿರೆಂದು ಇಂದೇ ತೆರೆದು ನೋಡಿರಿ.